ಮಾವಯ್ಯ ಓದದೆ ಬಿಟ್ಟ ಸಾಲುಗಳು

ನಮ್ಮ ಬೀದಿಗೆ ಪತ್ರಿಕೆ ಬರುತ್ತಿದ್ದುದು ವಾರಕ್ಕೊಮ್ಮೆ. ಬೆಂಗಳೂರಿನಲ್ಲಿ ಅಚ್ಚಾದದ್ದು ಹೇಗೋ ಚಳ್ಳಕೆರೆ ಮುಟ್ಟಿ, ಅಲ್ಲಿಂದ ಟಪಾಲು ಹೊತ್ತ ಎತ್ತಿನ ಗಾಡಿಯಲ್ಲಿ ಮೊಳಕಾಲ್ಮೂರಿಗೆ ಬಂದು ಸೇರುವಷ್ಟರಲ್ಲಿ ಅದರೊಳಗಿನ ಸುದ್ದಿಯೆಲ್ಲ ತಂಗಳಾಗಿರುತ್ತಿತ್ತು. ಆದರೂ ಬೀದಿಯ ನಾಲ್ಕಾರು ನೇಕಾರರು ಸೇರಿ ಚಂದಾ ಕಟ್ಟಿ ತರಿಸುತ್ತಿದ್ದರು. ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ಎಲ್ಲಿ ನಡೆಯುತ್ತಿದೆ, ಯಾಕೆ ನಡೆಯುತ್ತಿದೆ ಎಂಬುದು ಯಾರಿಗೂ ಸರಿಯಾಗಿ ತಿಳಿಯದು. ಬಣ್ಣದ ಬೆಲೆ ಏರಿದ್ದು ಅದರಿಂದಲೇ, ಜೋಳದ ಬೆಲೆ ಏರಿದ್ದೂ ಅದರಿಂದಲೇ ಎನ್ನುವುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಪತ್ರಿಕೆ ಓದುತ್ತಿದ್ದವರು ನನ್ನ ಗಂಡನ ತಂದೆ. ಅವರನ್ನು ನಾನು ಮಾವಯ್ಯ ಎನ್ನುತ್ತಿದ್ದೆ. ಬೀದಿಯ ಮನೆಮಾತು ತೆಲುಗು. ಸಂತೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ಎಲ್ಲರೂ ಕನ್ನಡ ಆಡುತ್ತಿದ್ದರು, ಆದರೆ ಅಕ್ಷರ ಬಲ್ಲ ಗಂಡಸು ಮಾವಯ್ಯನೊಬ್ಬರೇ. ಚಿಕ್ಕಂದಿನಲ್ಲಿ ಯಾವುದೋ ಕೂಲಿಮಠದ ಅಯ್ಯನವರ ಹತ್ತಿರ ಮರಳಿನ ಮೇಲೆ ಬರೆದು ಕಲಿತವರು. ಸಂಜೆ ಮಗ್ಗದ ಗುಂಡಿಯಿಂದ ಎದ್ದು, ಕಾಲು ತೊಳೆದು, ದಾರ ಕಟ್ಟಿದ ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತರೆ ಬೀದಿಯ ಗಂಡಸರೆಲ್ಲ ಬಂದು ಸುತ್ತ ಕೂರುತ್ತಿದ್ದರು. ಒಂದು ಸಾಲನ್ನು ಕನ್ನಡದಲ್ಲಿ ಮೆಲ್ಲಗೆ ಓದಿಕೊಳ್ಳುವರು, ಆಮೇಲೆ ತೆಲುಗಿನಲ್ಲಿ ಜೋರಾಗಿ ಹೇಳುವರು. ಅವರು ಹೇಳುವಾಗ ಜರ್ಮನಿಯ ಸಿಪಾಯಿಗಳು ನಮ್ಮೂರ ಕಲ್ಲುಗುಡ್ಡಗಳ ಹಿಂದೆಯೇ ಅಡಗಿದ್ದಾರೆ ಅನ್ನಿಸುತ್ತಿತ್ತು.

ನಾನು ಚಳ್ಳಕೆರೆಯಿಂದ ಬಂದ ಸೊಸೆ. ನನ್ನ ಅಪ್ಪ ಮಗ್ಗ ಬಿಟ್ಟು ಅಲ್ಲಿಯ ಜವಳಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದರು. ಹೆಣ್ಣುಮಕ್ಕಳ ಶಾಲೆ ತೆರೆದಾಗ, ಕಲಿಸಲು ಹುಡುಗಿಯರು ಸಿಗದೆ ಮೇಷ್ಟರು ಮನೆಮನೆ ಅಲೆಯುತ್ತಿದ್ದಾಗ, ಅಪ್ಪ ನನ್ನನ್ನು ಕಳಿಸಿಕೊಟ್ಟರು. ಹಾಗೆ ನನಗೆ ಓದು ಬಂತು. ಸೊಸೆಗೆ ಓದು ಬರುತ್ತದೆಂದು ನನ್ನ ಅತ್ತೆ ಯಾರ ಮುಂದೆಯೂ ಹೇಳಿಕೊಳ್ಳುತ್ತಿರಲಿಲ್ಲ. ನಾನೂ ಹೇಳಿಕೊಳ್ಳಲಿಲ್ಲ. ಮಾವಯ್ಯ ಓದುವಾಗ ಬಾಗಿಲ ಒಳಗೆ ರಾಟೆಯ ಮುಂದೆ ಕೂತು ರೇಷ್ಮೆ ಸುತ್ತುತ್ತ ಕೇಳುತ್ತಿದ್ದೆ.

ಜ್ವರದ ಮಾತು ಮೊದಲು ಕಿವಿಗೆ ಬಿದ್ದದ್ದು ಮಳೆಗಾಲದಲ್ಲಿ. ಆ ವರ್ಷ ಮಳೆಗಾಲ ಹೆಸರಿಗಷ್ಟೇ ಬಂದಿತ್ತು. ಮುಂಬಯಿಯಲ್ಲಿ ಹೊಸ ಬಗೆಯ ಜ್ವರ ಹರಡಿದೆ, ಗಿರಣಿಗಳಲ್ಲಿ ಕೆಲಸಕ್ಕೆ ಜನ ಬರುತ್ತಿಲ್ಲ ಎಂದು ಮಾವಯ್ಯ ಓದಿದರು.

“ಮುಂಬಯಿ ಎಲ್ಲಿ, ನಾವೆಲ್ಲಿ,” ಅಂದರು ಯಾರೋ ಒಬ್ಬರು. “ಯುದ್ಧದ್ದು ಓದ್ರಿ ಮಾವಾ.”

ಮಾವಯ್ಯ ಯುದ್ಧದ್ದು ಓದಿದರು.

ಮುಂದಿನ ವಾರಗಳಲ್ಲಿ ಸುದ್ದಿ ಎರಡು ದಾರಿಯಿಂದ ಬರತೊಡಗಿತು. ಒಂದು ಪತ್ರಿಕೆಯಿಂದ, ಇನ್ನೊಂದು ಗಾಡಿಯವನ ಬಾಯಿಂದ. ಚಳ್ಳಕೆರೆಯಿಂದ ಟಪಾಲು ತರುತ್ತಿದ್ದ ಗಾಡಿಯವನು ನನ್ನಿವಾಳದವನು, ಮಾತು ಕಡಿಮೆ. ನನ್ನ ತವರಿನ ಕ್ಷೇಮ ಅವನಿಂದಲೇ ತಿಳಿಯಬೇಕಿತ್ತು. ಒಂದು ದಿನ ಅವನು ಎತ್ತು ಬಿಚ್ಚದೆ ನಿಂತೇ ಹೇಳಿದ.

“ನಿಮ್ಮ ಅಪ್ಪಾರು ಚೆನ್ನಾಗವ್ರೆ ಕಣಮ್ಮ. ಅಂಗಡಿ ಮಾತ್ರ ಮುಚ್ಚೈತೆ. ಸಂತೆ ದಿನ ಮೆಣಸಿನಕಾಯಿ ಮಾರೋನು ಮೂಟೆ ಮೇಲೆ ಒರಗಿದ್ನಂತೆ, ನಿದ್ದೆ ಮಾಡ್ತಾವ್ನೆ ಅಂತ ಎಲ್ಲಾ ಸುಮ್ನಿದ್ರು. ಸಂಜೆಗೆ ಎಬ್ಬಿಸಾಕೆ ಹೋದ್ರೆ ಉಸಿರಿಲ್ಲ.”

ಅದೇ ಸಂಜೆ ಮಾವಯ್ಯ ಪತ್ರಿಕೆ ಹಿಡಿದು, ಬೆಂಗಳೂರಿನಲ್ಲಿ ಜ್ವರ ಇಳಿಮುಖವಾಗಿದೆ, ಸರ್ಕಾರದವರು ಬೀದಿ ಬೀದಿಗೆ ಔಷಧ ಹಂಚಿದ್ದಾರೆ, ಹೆದರಬೇಕಾದ್ದಿಲ್ಲ ಎಂದು ಓದಿ ಹೇಳಿದರು. ಕೇಳಿದವರು ನಿರಾಳವಾಗಿ ಎದ್ದು ಹೋದರು. ಗಾಡಿಯವನು ಕುಡಿದಿರಬೇಕು ಎಂದು ನಗಾಡಿದರು.

ಓದಿ ಮುಗಿದ ಪತ್ರಿಕೆ ಅತ್ತೆಯ ಪಾಲು. ನೇಯ್ದು ಮುಗಿದ ಸೀರೆಯನ್ನು ಬುಟ್ಟಿಯಲ್ಲಿ ಇಡುವಾಗ ಕೆಳಗೆ ಹಾಸುವುದಕ್ಕೆ ಅದನ್ನು ಎತ್ತಿಡುತ್ತಿದ್ದರು. ಒಂದು ಬೆಳಿಗ್ಗೆ ಹಾಸುವ ಕೆಲಸ ನನಗೆ ಬಂತು. ಕಾಗದ ಬಿಡಿಸುವಾಗ ಕಣ್ಣು ಅಕ್ಷರದ ಮೇಲೆ ಹೋಯಿತು. ಹಿಂದಿನ ವಾರ ಮಾವಯ್ಯ ಓದಿದ ಅದೇ ಪತ್ರಿಕೆ. ಬೆಂಗಳೂರಿನ ಸುದ್ದಿ ಇತ್ತು. ಔಷಧ ಹಂಚಿದ್ದೂ ಇತ್ತು. ಆದರೆ ಜ್ವರ ಇಳಿದಿದೆ ಎಂದು ಎಲ್ಲಿಯೂ ಇರಲಿಲ್ಲ. ಸುಡುಗಾಡಿನಲ್ಲಿ ಸೌದೆ ಸಾಲದೆ ಜನ ಹೆಣ ಇಟ್ಟುಕೊಂಡು ಕಾಯುತ್ತಿದ್ದಾರೆ ಎಂದಿತ್ತು. ಪ್ರಾಯದವರೇ ಹೆಚ್ಚು ಸಾಯುತ್ತಿದ್ದಾರೆ, ಬಸುರಿಯರು ಉಳಿಯುವುದು ಕಷ್ಟ, ರೈಲಿನಲ್ಲಿ ಬಂದವರಿಂದ ಹಳ್ಳಿಗಳಿಗೂ ಹರಡುತ್ತಿದೆ ಎಂದಿತ್ತು.

ನಾನೇ ತಪ್ಪು ಓದಿದೆನೋ ಎಂದು ಮತ್ತೆ ಓದಿದೆ. ಬುಟ್ಟಿಯೊಳಗಿದ್ದ ಹಳೆಯ ಹಾಳೆಗಳನ್ನೂ ಈಚೆ ತೆಗೆದು ನೋಡಿದೆ. ಅವುಗಳಲ್ಲಿಯೂ ಹಾಗೆಯೇ. ಯುದ್ಧದ ಸುದ್ದಿಯನ್ನು ಮಾವಯ್ಯ ಒಂದಕ್ಷರ ಬಿಡದೆ ಹೇಳಿದ್ದರು. ಜ್ವರದ ಸುದ್ದಿ ಬಂದಲ್ಲೆಲ್ಲ ತಮ್ಮದೇ ಮಾತು ಸೇರಿಸಿದ್ದರು.

ಅವತ್ತು ಮಾವಯ್ಯ ಹಿತ್ತಲಲ್ಲಿ ಕನ್ನಡಕ ತೊಳೆಯುತ್ತಿದ್ದಾಗ ಹೋಗಿ ನಿಂತೆ. ಸೊಸೆಯಾದವಳು ಮಾವನ ಎದುರು ನಿಂತು ಮಾತಾಡುವ ಕಾಲವಲ್ಲ. ನೆಲ ನೋಡುತ್ತ ಕೇಳಿದೆ.

“ಮಾವಯ್ಯ, ಪೇಪರ್ನಾಗೆ ಬೆಂಗಳೂರಾಗೆ ಜ್ವರ ಇಳಿದೈತೆ ಅಂತ ಇಲ್ಲ.”

ಅವರು ಕನ್ನಡಕ ಒರೆಸುವುದನ್ನು ನಿಲ್ಲಿಸಲಿಲ್ಲ. “ಓದಿದೆಯಾ?”

“ಹೂಂ.”

“ಎಲ್ಲಾ?”

“ಬುಟ್ಟಿಯಾಗೆ ಇದ್ದಷ್ಟೂ.”

ಅವರು ತೊಟ್ಟಿಯ ಕಟ್ಟೆಯ ಮೇಲೆ ಕೂತರು.

“ಕಚೇರಿಯಿಂದ ಕರೆ ಬಂದಿತ್ತು ಅಮ್ಮಾಯಿ. ಕುರ್ಚಿ ಹಾಕಿ ಕೂರ್ಸಿದ್ರು. ಯುದ್ಧದ ಕಾಲ, ಜನ ಸೇರ್ಸಿ ದಿಗಿಲು ಹುಟ್ಸೋ ಮಾತು ಆಡಬಾರ್ದು, ಹಂಗೆ ಆಡಿದೋರ್ನ ಎಲ್ಲಿಗೆ ಕಳಿಸ್ತಾರೆ ಗೊತ್ತಲ್ಲ ಅಂದ್ರು. ನಗ್‌ನಗ್ತಾನೇ ಅಂದ್ರು. ಗೆದ್ದ ಸುದ್ದಿ ಓದಿ, ಮಹಾರಾಜ್ರು ದಾನ ಕೊಟ್ಟಿದ್ದು ಓದಿ, ಮಿಕ್ಕಿದ್ದು ಯಾಕೆ ಅಂದ್ರು.”

“ಜನಕ್ಕೆ ಗೊತ್ತಾಗೋದು ಬ್ಯಾಡ್ವಾ?”

“ಗೊತ್ತಾದ್ರೆ ಏನ್ಮಾಡ್ತಾರೆ? ಮಗ್ಗ ಎತ್ಕೊಂಡು ಓಡ್ತಾರಾ? ಮಗ್ಗ ನೆಲದಾಗೆ ಹೂತೈತೆ.” ಕನ್ನಡಕ ಮೂಗಿಗೇರಿಸಿದರು. “ಹೆದರಿದೋನಿಗೆ ಜ್ವರ ಬೇಗ ಹತ್ತುತೈತೆ. ನಾನು ಅವ್ರಿಗೆ ಧೈರ್ಯ ಕೊಡ್ತಿದೀನಿ ಅಂತ ತಿಳ್ಕೋ.”

ಅವರು ಕೆಟ್ಟವರಲ್ಲ. ಅದನ್ನು ಇಲ್ಲಿಯೇ ಹೇಳಿಬಿಡಬೇಕು. ಸುಳ್ಳು ಹೇಳುತ್ತಿದ್ದೇನೆ ಎಂಬ ಅರಿವು ಅವರಿಗಿತ್ತು, ಜೊತೆಗೆ ಅದು ಒಳ್ಳೆಯದಕ್ಕೇ ಎಂಬ ನಂಬಿಕೆಯೂ ಇತ್ತು. ರಾತ್ರಿ ಗಂಡನಿಗೆ ಹೇಳಿದರೆ, “ಅಪ್ಪನ ವಿಚಾರಕ್ಕೆ ಹೋಗಬ್ಯಾಡ,” ಎಂದು ಮಗ್ಗುಲಾದರು.

ಕಚೇರಿಯವರು ಸುಮ್ಮನೆ ಕೂರಲಿಲ್ಲ. ಡಂಗುರ ಹೊಡೆಸಿದರು. ನಮ್ಮ ಸೀಮೆಯಲ್ಲಿ ಜ್ವರದ ಭಯವಿಲ್ಲ, ಇದ್ದರೆ ಗಡಿಯ ಆಚೆಯಷ್ಟೇ ಎಂದು ಸಾರಿಸಿದರು. ನಮ್ಮೂರಿನ ಸುತ್ತ ಗಡಿ. ಸ್ವಲ್ಪ ನಡೆದರೆ ಮಹಾರಾಜರ ಸೀಮೆ ಮುಗಿದು ಇಂಗ್ಲಿಷರ ಸೀಮೆ. ರಾಯದುರ್ಗದಿಂದ ಬಂದವರು ಹೇಳುತ್ತಿದ್ದರು: ಅಲ್ಲಿಯೂ ಡಂಗುರ ಹೊಡೆಸಿದ್ದಾರಂತೆ, ಜ್ವರ ಬರುತ್ತಿರುವುದು ಮೈಸೂರು ಸೀಮೆಯಿಂದ ಎಂದು.

ಎದುರುಮನೆಯಲ್ಲಿ ನನಗಿಂತ ಚಿಕ್ಕವಳೊಬ್ಬಳು ಇದ್ದಳು. ರಾಯದುರ್ಗದ ಹುಡುಗಿ. ನನ್ನನ್ನು ವದಿನಾ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದಳು. ನೀರಿಗೆ ಹೋಗುವಾಗ, ನೂಲು ಒಣಗಿಸುವಾಗ ಜೊತೆ. ಆಗ ಅವಳು ತುಂಬಿದ ಬಸುರಿ, ಮೊದಲ ಹೆರಿಗೆಗೆ ತವರಿಗೆ ಹೋಗಬೇಕಾಗಿತ್ತು. ಅವಳ ಗಂಡ ಒಳ್ಳೆಯ ನೇಕಾರ. ಸೀರೆಯ ಅಂಚಿನಲ್ಲಿ ಅವನು ತೆಗೆಯುತ್ತಿದ್ದ ನವಿಲುಗಳಿಗೆ ಬಳ್ಳಾರಿಯ ಸಾಹುಕಾರರು ಮುಂಗಡ ಕೊಡುತ್ತಿದ್ದರು. ಪತ್ರಿಕೆಯ ಸಂಜೆ ಮಾವಯ್ಯನ ಬಲಗಡೆಯ ಕಂಬಕ್ಕೆ ಒರಗಿ ಅವನು ಕೂರುತ್ತಿದ್ದ. ಒಂದು ಸಂಜೆ ಕೇಳಿದ.

“ಮಾವಾ, ಇವಳ್ನ ರಾಯದುರ್ಗಕ್ಕೆ ಬಿಟ್ಟು ಬರ್ಬೇಕು. ಅಲ್ಲಿ ಜ್ವರ ಐತೆ ಅಂತಾರೆ. ಪೇಪರ್ನಾಗೆ ಏನಾರ ಬಂದೈತಾ?”

ನಾನು ಒಳಗೆ ರಾಟೆ ನಿಲ್ಲಿಸಿದೆ. ಕಚೇರಿಯ ಜವಾನ ಆ ದಿನಗಳಲ್ಲಿ ಪತ್ರಿಕೆ ಓದುವ ಹೊತ್ತಿಗೆ ಬಂದು ಬೀದಿಯ ತುದಿಯ ಬೇವಿನ ಮರದಡಿ ನಿಲ್ಲುತ್ತಿದ್ದ. ಅವತ್ತೂ ನಿಂತಿದ್ದ. ಕಾಗದದ ಸದ್ದು ಕೇಳಿಸಿತು. ಆಮೇಲೆ ಮಾವಯ್ಯನ ದನಿ.

“ಏನೂ ಬಂದಿಲ್ಲಪ್ಪ. ಹೋಗಿಬಾ.”

ಮರುದಿನ ಬೆಳಕು ಹರಿಯುತ್ತಲೇ ಆ ಪತ್ರಿಕೆ ಹುಡುಕಿ ಓದಿದೆ. ಬಳ್ಳಾರಿ ಸೀಮೆಯ ಊರುಗಳ ಸಾಲಿನಲ್ಲಿ ರಾಯದುರ್ಗದ ಹೆಸರು ಸ್ಪಷ್ಟವಾಗಿ ಇತ್ತು. ಅತ್ತೆ ಕರೆಯುತ್ತಿದ್ದರೂ ಕೇಳದೆ ಹಿತ್ತಲ ಹಾದಿಯಿಂದ ಎದುರುಮನೆಗೆ ಹೋದೆ. ಅವಳು ಗಂಟು ಕಟ್ಟುತ್ತಿದ್ದಳು. ಪತ್ರಿಕೆ ತೋರಿಸಿ ಹೇಳಿದೆ. ಅವಳು ಅಕ್ಷರ ನೋಡಿದಳು, ನನ್ನ ಮುಖ ನೋಡಿದಳು, ಗಂಡನನ್ನು ಕರೆದಳು.

ಅವನು ಬೇಸರ ತೋರಿಸಲಿಲ್ಲ, ನಕ್ಕ. “ಹಿರೇರು ಇಲ್ಲ ಅಂದವ್ರೆ. ನೀವು ಇಸ್ಕೂಲ್ನಾಗೆ ನಾಕು ದಿನ ಕಲಿತಿದ್ದು ವದಿನಾ. ಅಚ್ಚಿನ ಅಕ್ಷರ ಒಂದು ಹೋಗಿ ಒಂದು ಕಾಣ್ತಾವೆ.”

“ಹೆಸ್ರು ಓದಾಕೆ ಬರ್ತೈತೆ ನಂಗೆ,” ಅಂದೆ.

“ಅವ್ಳ ಅವ್ವ ಕಾಯ್ತಾವ್ಳೆ. ಗಾಡಿ ಹೇಳಿ ಆಗೈತೆ.”

ಗಾಡಿ ಹತ್ತುವಾಗ ಅವಳು ನನ್ನ ಕೈ ಹಿಡಿದು, “ನಾನು ಯಾರ ಹತ್ರನೂ ಹೋಗೋದಿಲ್ಲ ವದಿನಾ, ಒಳಗೇ ಇರ್ತೀನಿ,” ಎಂದಳು. ಮಾವಯ್ಯ ಮಗ್ಗದ ಮುಂದೆ ಕೂತಿದ್ದರು. ಲಾಳಿಯ ಸದ್ದು ನಡುವೆ ತಪ್ಪಿದ್ದು ನನಗೆ ಕೇಳಿಸಿತು.

ಅವಳ ಗಂಡ ಅವಳನ್ನು ತವರಿನಲ್ಲಿ ಬಿಟ್ಟು ನಡೆದುಕೊಂಡೇ ಹಿಂದಿರುಗಿದ. ಬಂದವನು ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತನಂತೆ, ಸ್ವಲ್ಪ ಹೊತ್ತಿಗೆ ತಲೆ ಸಿಡಿಯುತ್ತಿದೆ ಎಂದು ಮಗ್ಗಕ್ಕೆ ಬಿಗಿದ ಎಳೆಗಳ ಹಾಸಿನ ಮೇಲೇ ಒರಗಿದನಂತೆ. ನೋಡಲು ಹೋದವರಿಗೆ ಅವನ ಮೂಗಿನಿಂದ ಇಳಿದ ರಕ್ತ ಬಿಳಿಯ ಎಳೆಗಳ ಮೇಲೆ ಕಂಡಿತು. ತುಟಿ ನೀಲಿಯಾಗಿತ್ತು. ಅವನ ಮುದಿ ತಾಯಿ ಬೇವಿನ ಸೊಪ್ಪು ಹೊಗೆ ಹಾಕುತ್ತ, ಜಟಿಂಗ ರಾಮೇಶ್ವರನಿಗೆ ಹರಕೆ ಹೊರುತ್ತ ಕೂತಿದ್ದಳು. ಕಚೇರಿಯಿಂದ ಬಿಳಿ ಪುಡಿಯ ಪೊಟ್ಟಣ ತಂದು ಕೊಟ್ಟರು. ಅವನಿಗೆ ನುಂಗಲು ಆಗಲಿಲ್ಲ. ಮಾರನೆಯ ದಿನ ತೀರಿಕೊಂಡ. ಮಾತು ಬರುತ್ತಿದ್ದಷ್ಟು ಹೊತ್ತೂ, ಅವಳಿಗೆ ಹೇಳಬೇಡಿ, ಅವಳಿಗೆ ಹೇಳಬೇಡಿ ಎನ್ನುತ್ತಿದ್ದನಂತೆ.

ಆಮೇಲೆ ಬೀದಿಯನ್ನು ಜ್ವರ ಮನೆಯಿಂದ ಮನೆಗೆ ಹಿಡಿಯಿತು. ದಿನಾ ಬೆಳಿಗ್ಗೆ ಬೀದಿಯ ಉದ್ದಕ್ಕೂ ನೂಲಿನ ಹಾಸು ಬಿಗಿದು ಗಂಜಿ ಸವರುವ ಕೆಲಸಕ್ಕೆ ಏಳೆಂಟು ಕೈ ಬೇಕಾಗುತ್ತಿತ್ತು. ಈಗ ಅಷ್ಟು ಕೈ ಬೀದಿಯಲ್ಲಿ ಸಿಗಲಿಲ್ಲ. ಬೀದಿ ಬರಿದಾಯಿತು. ಎಲ್ಲ ಮನೆಗಳಿಂದ ಒಟ್ಟಿಗೆ ಕೇಳಿಬರುತ್ತಿದ್ದ ಮಗ್ಗದ ಸದ್ದಿನಲ್ಲಿ ದಿನಕ್ಕೊಂದೆರಡು ಕಡಿಮೆಯಾಗುತ್ತ ಬಂದು, ಕೊನೆಗೆ ಒಂದೇ ಮಗ್ಗ ದೂರದಲ್ಲೆಲ್ಲೋ ಆಡುತ್ತಿತ್ತು. ನಾನು ಗಂಜಿ ಕಲಕುತ್ತ ಅದನ್ನೇ ಕೇಳುತ್ತಿದ್ದೆ. ಒಂದು ಮಧ್ಯಾಹ್ನ ಅದೂ ನಿಂತಿತು. ಆಮೇಲೆ ಕೇಳಿದ್ದು ಕೆಮ್ಮು ಮಾತ್ರ. ಹೆಣ ಹೊರಲು ಜನವಿಲ್ಲದೆ ಗಾಡಿಯಲ್ಲಿ ಹಾಕಿ ಕಳಿಸಿದರು. ದೀಪಾವಳಿ ಯಾವಾಗ ಬಂದು ಹೋಯಿತೋ ಆ ಬೀದಿಯಲ್ಲಿ ಯಾರಿಗೂ ನೆನಪಿಲ್ಲ.

ನನ್ನ ಗಂಡನಿಗೂ ಬಂತು, ಬಿಟ್ಟಿತು. ಅತ್ತೆಗೆ ಬರಲೇ ಇಲ್ಲ.

ಇದರ ನಡುವೆಯೂ ಒಂದು ಸಂಜೆ ಪತ್ರಿಕೆ ಬಂತು. ತೆಳ್ಳಗಿತ್ತು. ಅಚ್ಚುಕೂಟದಲ್ಲಿ ಅಚ್ಚುಮೊಳೆ ಜೋಡಿಸುವವರೇ ಜ್ವರ ಬಂದು ಮಲಗಿದ್ದರಿಂದ ಈ ವಾರ ಪುಟ ಕಡಿಮೆ ಎಂದು ಮೇಲೆಯೇ ಹಾಕಿದ್ದರು. ಮಾವಯ್ಯ ಕಾಲು ತೊಳೆದು ಜಗಲಿಗೆ ಹೋದರು. ಬಂದು ಕೂತವರು ನಾಲ್ಕೇ ಜನ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಒಬ್ಬರಿಗೊಬ್ಬರು ದೂರ. ಬಲಗಡೆಯ ಕಂಬದ ಹತ್ತಿರ ಯಾರೂ ಕೂರಲಿಲ್ಲ. ಜವಾನ ಬೇವಿನ ಮರದಡಿ ಇದ್ದ.

ಮಾವಯ್ಯ ಒಳಗೆ ತಿರುಗಿ, “ಅಮ್ಮಾಯಿ, ಬುಟ್ಟಿಯಾಗಿರೋ ಹಳೇ ಪೇಪರೆಲ್ಲಾ ತಗೊಂಬಾ,” ಎಂದರು.

ತಂದು ಕೊಟ್ಟೆ.

“ಇವತ್ತಿಂದು ಆಮೇಲೆ,” ಎಂದರು ಕೂತವರಿಗೆ. “ಮೊದಲು ನಾನು ಓದದೆ ಬಿಟ್ಟಿದ್ದು ಓದ್ತೀನಿ.”

ಒಂದೊಂದೇ ಹಾಳೆ ಎತ್ತಿ ಎಲ್ಲವನ್ನೂ ಓದಿದರು. ಸೌದೆ ಸಾಲದ ಸುಡುಗಾಡು, ರೈಲಿನಿಂದ ಇಳಿದವರು, ಬಸುರಿಯರು. ರಾಯದುರ್ಗದ ಹೆಸರು ಬಂದಾಗ ನಿಲ್ಲಿಸಿ, ಅದನ್ನು ಮತ್ತೆ ಓದಿದರು. ಕೂತವರಲ್ಲಿ ಒಬ್ಬರು ಎದ್ದು, ಮೆಟ್ಟು ಹಾಕಿಕೊಂಡು ಹೋದರು. ಅವರ ಮನೆಯಲ್ಲಿ ಆ ವಾರ ಎರಡು ಸಾವಾಗಿತ್ತು. ಉಳಿದವರು ಕೊನೆಯತನಕ ಕೂತಿದ್ದರು. ಮುದುಕರೊಬ್ಬರು ಕೇಳಿದರು.

“ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಜವಾನ ಬಂದು ಬೆಳಿಗ್ಗೆ ಕಚೇರಿಗೆ ಬರಬೇಕಂತೆ ಎಂದು ಹೇಳಿ ಹೋದ. ಬೆಳಿಗ್ಗೆ ಮಾವಯ್ಯ ಏಳಲಿಲ್ಲ. ಮೈ ಕಾದ ಹಂಚಿನಂತಾಗಿತ್ತು.

ಅವರು ಸಾಯುತ್ತಾರೆಂದೇ ನಾವು ತಿಳಿದಿದ್ದೆವು. ಸಾಯಲಿಲ್ಲ. ಜ್ವರ ಬಿಟ್ಟಾಗ ಅವರ ದನಿಯೂ ಹೋಗಿತ್ತು. ಉಸಿರಿನಷ್ಟೇ ಮಾತು, ಹತ್ತಿರ ಕಿವಿ ಇಟ್ಟರೆ ಕೇಳುವಷ್ಟು. ಮುಂದಿನ ಪತ್ರಿಕೆ ಬಂದ ದಿನ ಅವರು ಅದನ್ನು ನನ್ನ ಕೈಗೆ ಕೊಟ್ಟು ಬಾಗಿಲಿನ ಕಡೆ ತೋರಿಸಿದರು. ಅತ್ತೆ ಬೇಡವೆನ್ನಲಿಲ್ಲ. ನಾನು ಹೊಸಿಲ ಒಳಗೆ, ಅರ್ಧ ಬಾಗಿಲ ಹಿಂದೆ ಕೂತು ಓದಿದೆ. ಗಂಡಸರು ಹೊರಗೆ ಕೂತು ಬೀದಿ ನೋಡುತ್ತ ಕೇಳಿದರು.

ಒಂದಕ್ಷರ ಬಿಡದೆ ಓದಬೇಕೆಂದು ಹಟ ಹಿಡಿದಿದ್ದೆ. ಹಾಗೆ ಓದುವಾಗ ಇನ್ನೊಂದು ತಿಳಿಯಿತು. ನಮ್ಮೂರಿನ ಹೆಸರು ಆ ಪತ್ರಿಕೆಯಲ್ಲಿ ಯಾವತ್ತೂ ಬರಲಿಲ್ಲ. ಬೆಂಗಳೂರು ಇತ್ತು, ಮೈಸೂರು ಇತ್ತು. ಮೊಳಕಾಲ್ಮೂರೂ ಇಲ್ಲ, ಚಳ್ಳಕೆರೆಯೂ ಇಲ್ಲ. ಒಂದು ವಾರ, ಜ್ವರ ಇಡೀ ಸೀಮೆಯಿಂದ ತೊಲಗಿದೆ ಎಂದೇ ಅಚ್ಚಾಗಿತ್ತು. ಅದೇ ದಿನ ಗಾಡಿಯವನ ಬದಲು ಅವನ ತಮ್ಮ ಟಪಾಲು ತಂದಿದ್ದ. ಅಣ್ಣ ಎಲ್ಲಿ ಎಂದು ನಾನು ಕೇಳಲಿಲ್ಲ. ತಮ್ಮನ ತಲೆ ಬೋಳಿಸಿತ್ತು. ನಾನು ಅಚ್ಚಿನಲ್ಲಿದ್ದುದನ್ನು ಓದಿದೆ. ಆಮೇಲೆ ಪತ್ರಿಕೆ ಕೆಳಗಿಟ್ಟು ಅವನು ತಂದ ಸಾವಿನ ಸುದ್ದಿಯನ್ನೂ ಹೇಳಿದೆ. ಯಾವುದನ್ನು ನಂಬಬೇಕೆಂದು ಯಾರೂ ಕೇಳಲಿಲ್ಲ.

ಎದುರುಮನೆಯವಳು ತಿರುಗಿ ಬಂದದ್ದು ಚಳಿ ಶುರುವಾದ ಮೇಲೆ. ಅವಳಿಗೂ ಜ್ವರ ಬಂದು ಹೋಗಿತ್ತು. ಮಗು ಹೊಟ್ಟೆಯಲ್ಲೇ ಹೋಗಿತ್ತು. ಗಂಡನ ಸುದ್ದಿ ತಿಳಿದದ್ದು ತಿಂಗಳ ಮೇಲಂತೆ. ಗಾಡಿ ಇಳಿದವಳು ತನ್ನ ಮನೆಗೆ ಹೋಗದೆ ನೇರ ನಮ್ಮ ಜಗಲಿ ಹತ್ತಿದಳು. ಮಾವಯ್ಯ ಕಂಬಳಿ ಹೊದ್ದು ಬಿಸಿಲು ಕಾಯುತ್ತಿದ್ದರು.

“ಮಾವಾ, ಆ ವಾರದ ಪೇಪರ್ನಾಗೆ ನಮ್ಮೂರ ಹೆಸ್ರು ಇತ್ತಾ?”

ಅವರು ತಲೆಯಾಡಿಸಿದರು. ಆಮೇಲೆ, ತಲೆಯಾಡಿಸಿದರೆ ಸಾಲದು ಅನ್ನಿಸಿತೋ ಏನೋ, ಉಸಿರು ಕೂಡಿಸಿ, “ಇತ್ತು,” ಎಂದರು.

ಬಯ್ಯುತ್ತಾಳೆ, ಅಳುತ್ತಾಳೆ ಎಂದು ನಾನು ಕಾದೆ. ಅವಳು ಸೆರಗು ಸರಿಮಾಡಿಕೊಂಡು ಬೀದಿ ದಾಟಿ ತನ್ನ ಮನೆಗೆ ಹೋದಳು. ರಕ್ತ ಅಂಟಿದ ಹಾಸನ್ನು ಅವಳ ಅತ್ತೆ ಹಾಗೇ ಬಿಟ್ಟಿದ್ದಳಂತೆ. ಅಷ್ಟನ್ನು ಕತ್ತರಿಸಿ, ಉಳಿದ ಎಳೆಗಳನ್ನು ಒಂದೊಂದಾಗಿ ಗಂಟು ಹಾಕುತ್ತ ಕೂತಳು. ಹೆಂಗಸು ಗುಂಡಿಗೆ ಇಳಿದು ನೇಯುವುದು ನಮ್ಮಲ್ಲಿ ಇರಲಿಲ್ಲ. ಅವಳು ಇಳಿದಳು. ಕೇಳುವವರೂ ಇರಲಿಲ್ಲ.

ಅದೇ ದಿನಗಳಲ್ಲಿ ಮತ್ತೆ ಡಂಗುರ ಹೊಡೆಸಿದರು. ಯುದ್ಧ ಮುಗಿಯಿತು, ನಮ್ಮ ದೊರೆಗಳು ಗೆದ್ದರು, ಎಲ್ಲರೂ ಮನೆಯ ಮುಂದೆ ದೀಪ ಹಚ್ಚಬೇಕು ಎಂದು. ಶಾಲೆಯಲ್ಲಿ ಮಕ್ಕಳಿಗೆ ಸಕ್ಕರೆ ಹಂಚಿದರಂತೆ. ಸಂಜೆ ನಮ್ಮ ಬೀದಿಯಲ್ಲಿಯೂ ಅಲ್ಲೊಂದು ಇಲ್ಲೊಂದು ದೀಪ ಹತ್ತಿತು. ಹೆದರಿ ಹಚ್ಚಿದ ದೀಪಗಳು. ಮುಚ್ಚಿದ ಮನೆಗಳ ಕತ್ತಲೆ ಅವುಗಳ ನಡುವೆ ಇನ್ನಷ್ಟು ಎದ್ದು ಕಾಣುತ್ತಿತ್ತು. ನಾವೂ ಹಚ್ಚಿದೆವು. ಎದುರುಮನೆಯಲ್ಲಿ ಹತ್ತಲಿಲ್ಲ.

ಜವಾನ ಮನೆ ಮನೆ ನೋಡುತ್ತ ಬಂದ. ಅವನೂ ಸೊರಗಿದ್ದ. ಎದುರುಮನೆಯ ಬಾಗಿಲು ತಟ್ಟಿ, “ಯಾಕಮ್ಮ ದೀಪ ಇಲ್ಲ? ಹುಕುಂ ಐತೆ,” ಎಂದ. ಒಳಗಿನಿಂದ ಮಗ್ಗದ ಸದ್ದು ನಿಂತಿತು. ಮತ್ತೆ ತಟ್ಟಿದ.

ಮಾವಯ್ಯ ಕಂಬಳಿ ಸರಿಸಿ ಎದ್ದರು. ಹಿಡಿಯಲು ಹೋದ ನನ್ನ ಕೈ ಬಿಡಿಸಿಕೊಂಡರು. ಕೋಲೂರಿಕೊಂಡು ಬೀದಿ ದಾಟಿ, ಆ ಜಗಲಿಯ ಮೇಲೆ, ಬಾಗಿಲಿಗೆ ಅಡ್ಡವಾಗಿ ಕೂತರು. ಜವಾನ ಬಗ್ಗಿ ಕಿವಿ ಕೊಡಬೇಕಾಯಿತು. ನನಗೆ ಕೇಳಿಸಲಿಲ್ಲ. ಮಾವಯ್ಯ ಅಂದದ್ದನ್ನು ಜವಾನನೇ ಆಮೇಲೆ ಯಾರಿಗೋ ಹೇಳಿದನಂತೆ: “ಈ ಮನೆಯಾಗೆ ಹಚ್ಚೋದಿಲ್ಲ. ಯಾರು ಹೇಳಿದ್ರು ಅಂದ್ರೆ ನನ್ನ ಹೆಸ್ರು ಹೇಳು.”

ಜವಾನ ರುಮಾಲು ತೆಗೆದು ಮುಖ ಒರೆಸಿಕೊಂಡು, ಮುಂದಿನ ಮನೆಗೆ ಹೋದ. ಆ ಸಲ ಕಚೇರಿಯಿಂದ ಕರೆ ಬರಲಿಲ್ಲ. ಯಾಕೆ ಬರಲಿಲ್ಲವೋ ಗೊತ್ತಿಲ್ಲ. ಅಲ್ಲಿಯೂ ಕರೆಯುವವರು ಕಡಿಮೆಯಾಗಿದ್ದರೇನೋ.

ಮಾವಯ್ಯ ಅಲ್ಲಿಯೇ ಕೂತಿದ್ದರು. ನಮ್ಮ ಮನೆಯ ದೀಪ ಎಣ್ಣೆ ತೀರಿ ಆರಿತು. ಎದುರುಮನೆಯ ಬಾಗಿಲು ತೆರೆದು, ಅವಳು ಒಂದು ಚೊಂಬು ನೀರು ತಂದು ಅವರ ಪಕ್ಕ ಇಟ್ಟಳು. ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಕತ್ತಲಲ್ಲೇ ಮತ್ತೆ ಲಾಳಿಯ ಸದ್ದು ಶುರುವಾಯಿತು.